ಲಿಫ್ಟಣ್ಣ ಲೆಕ್ಕ ಹಾಕಿದ ನೌಕೆ

ಊರಿನ ಹಳೆಯ ಕಟ್ಟಡಗಳ ಲಿಫ್ಟುಗಳಿಗೆ ಒಂದೊಂದಕ್ಕೂ ಒಂದೊಂದು ಚಾಳಿ. ಒಂದು ನಾಲ್ಕನೇ ಮಹಡಿಗೆ ಬಂದರೆ ಮೊಂಡು ಹಿಡಿದು ನಿಲ್ಲುತ್ತಿತ್ತು, ಇನ್ನೊಂದು ಬಾಗಿಲು ಮುಚ್ಚಿಕೊಂಡು ತೆರೆಯುವುದನ್ನೇ ಮರೆಯುತ್ತಿತ್ತು. ಅವುಗಳ ಗುಣಾವಗುಣಗಳನ್ನೆಲ್ಲ ಬಲ್ಲವನು ಲಿಫ್ಟಣ್ಣ. ಕಂಪನಿಯ ನೀಲಿ ಅಂಗಿ, ಸೊಂಟದಲ್ಲಿ ಸ್ಪ್ಯಾನರ್ ಚೀಲ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಗ್ರೀಸು. ಒಳಗೆ ಸಿಕ್ಕಿಹಾಕಿಕೊಂಡವರು ಬಾಗಿಲು ಬಡಿಯುತ್ತಿದ್ದರೆ ಹೊರಗೆ ನಿಂತು, "ಬಂದೆ, ಬಂದೆ, ಗಾಳಿ ಇದೆ, ಹೆದರಬೇಡಿ" ಎಂದು ಮಾತಾಡುತ್ತಲೇ ಕೆಲಸ ಮಾಡುವುದು ಅವನ ಅಭ್ಯಾಸ. ಲಿಫ್ಟಿಗಿಂತ ಮೊದಲು ಒಳಗಿನವರ ಎದೆ ರಿಪೇರಿಯಾಗಬೇಕು ಎನ್ನುತ್ತಿದ್ದ.

ಲಿಫ್ಟಿನ ಮೋಟಾರು ಇರುವುದು ಕಟ್ಟಡದ ನೆತ್ತಿಯಲ್ಲಿ, ತಾರಸಿಯ ಮೂಲೆಯ ಗೂಡಿನಂಥ ಕೋಣೆಯಲ್ಲಿ. ಹೀಗಾಗಿ ಅವನ ಅರ್ಧ ಆಯುಷ್ಯ ತಾರಸಿಗಳ ಮೇಲೆಯೇ ಕಳೆಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಬಿಡಿಭಾಗ ತರಲು ಹೋದವನಿಗಾಗಿ ಕಾಯುತ್ತ ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಾಗ, ಕಪ್ಪಾಗುತ್ತಿದ್ದ ಆಕಾಶದಲ್ಲಿ ಒಂದು ಚುಕ್ಕಿ ಸದ್ದಿಲ್ಲದೆ ತೇಲಿ ಬಂತು. ವಿಮಾನದ ಹಾಗೆ ಕೆಂಪು ದೀಪವಿಲ್ಲ, ಗುಡುಗುಡು ಇಲ್ಲ. ಒಂದೇ ಸಮನೆ ನಡೆದುಬಂದು ನಡು ಆಕಾಶ ದಾಟಿ, ಯಾರೋ ಊದಿ ಆರಿಸಿದ ಹಾಗೆ ಮಾಯವಾಯಿತು. ಅದು ಉಪಗ್ರಹವೆಂದು ಆಮೇಲೆ ಯಾರೋ ಹೇಳಿದರು. ಅದಕ್ಕೆ ಸ್ವಂತ ಬೆಳಕಿಲ್ಲ, ನಮಗೆ ಮುಳುಗಿದ ಸೂರ್ಯ ಅಷ್ಟು ಎತ್ತರದಲ್ಲಿ ಇನ್ನೂ ಮುಳುಗಿರುವುದಿಲ್ಲ, ಆ ಬಿಸಿಲು ಬಿದ್ದು ಹೊಳೆಯುತ್ತದೆ ಎಂದರು. ಹಾಗಾದರೆ ನಾಳೆ ಯಾವಾಗ ಬರುತ್ತದೆ ಎಂದು ಇವನು ಕೇಳಿದ. ಅದು ಅವರಿಗೆ ಗೊತ್ತಿರಲಿಲ್ಲ. ಅಲ್ಲಿಂದ ಹತ್ತಿಕೊಂಡಿತು ಹುಚ್ಚು.

ಮೊದಲು ಹಳೇ ಸಾಮಾನಿನ ಅಂಗಡಿಯ ಬೈನಾಕ್ಯುಲರ್ ಬಂತು, ಆಮೇಲೆ ಕೈಯಾರೆ ಜೋಡಿಸಿದ ದೂರದರ್ಶಕ. ವಿಧಾನ ಕೇಳಲು ಸರಳ. ಚುಕ್ಕಿ ಎರಡು ಗೊತ್ತಿರುವ ನಕ್ಷತ್ರಗಳ ನಡುವೆ ದಾಟುವಾಗ ಸ್ಟಾಪ್‌ವಾಚ್ ಒತ್ತಬೇಕು. ಬೇರೆ ಬೇರೆ ಊರುಗಳಿಂದ ಎರಡು ಮೂರು ಜನ ಒಂದೇ ಚುಕ್ಕಿಯನ್ನು ಹೀಗೆ ಹಿಡಿದರೆ ಅದು ಎಷ್ಟು ಎತ್ತರದಲ್ಲಿದೆ, ಯಾವ ದಾರಿಯಲ್ಲಿ ಸುತ್ತುತ್ತಿದೆ, ಮತ್ತೆ ಯಾವಾಗ ತಲೆಯ ಮೇಲೆ ಬರುತ್ತದೆ ಎಂದು ಕೂಡಿ ಕಳೆದು ಹೇಳಬಹುದು. ಆ ಕೂಡಿ ಕಳೆಯುವುದನ್ನು ಕಲಿಯಲು ಲಿಫ್ಟಣ್ಣನಿಗೆ ವರ್ಷಗಳೇ ಹಿಡಿದವು. ಕಲಿಸಿದವರು ಇಬ್ಬರು. ಒಬ್ಬರು ಭೂಮಾಪನ ಇಲಾಖೆಯಿಂದ ನಿವೃತ್ತರಾದ ಸರ್ವೆ ಮೇಷ್ಟ್ರು. "ಜೀವಮಾನವೆಲ್ಲ ನೆಲ ಅಳೆದು ಸಾಕಾಯ್ತಯ್ಯ. ಆಕಾಶದಲ್ಲಾದ್ರೆ ಬೇಲಿ ಜಗಳಕ್ಕೆ ಯಾರೂ ಬರಲ್ಲ" ಎನ್ನುತ್ತಿದ್ದರು. ಇನ್ನೊಬ್ಬರು ದೂರದ ಊರಿನ ಹಲ್ಲಿನ ಡಾಕ್ಟರಮ್ಮ. ಉಪಗ್ರಹ ಬರುವ ಹೊತ್ತಾದರೆ ರೋಗಿಯ ಬಾಯಲ್ಲಿ ಹತ್ತಿ ತುರುಕಿ, "ಕಚ್ಕೊಂಡಿರಿ, ಈಗ ಬಂದೆ" ಎಂದು ಬಾಲ್ಕನಿಗೆ ಓಡುವವರು. ಮೂವರೂ ಒಂದೇ ಸೂರಿನಡಿ ಸೇರಿದ್ದು ಜೀವನದಲ್ಲಿ ಒಂದೆರಡು ಸಲವಷ್ಟೇ. ಫೋನಿನಲ್ಲಿ ಮಾತ್ರ ದಿನಾ ಜಗಳ.

ಲಿಫ್ಟಣ್ಣನ ಹೆಂಡತಿ ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಗಂಡ ಕಣ್ಣು ಮೇಲೆ ಮಾಡಿಕೊಂಡು ಬಾಗಿಲಲ್ಲಿ ಎಡವಿದಾಗಲೆಲ್ಲ, "ಕಾಲಡಿಯ ಹೊಸಿಲು ಕಾಣಲ್ಲ, ಮೇಲಿನ ಮೊಳೆ ಮಾತ್ರ ಕಾಣುತ್ತೆ" ಎಂದು ಹಂಗಿಸುತ್ತಿದ್ದಳು. ಆದರೆ ಸಂಜೆ ಮೋಡವಾದರೆ ಅವನ ಮುಖ ಬಾಡುವುದನ್ನು ನೋಡಲಾರದೆ ತಾನೇ ಹೊರಗೆ ಬಂದು ಆಕಾಶ ನೋಡಿ, "ಪಶ್ಚಿಮಕ್ಕೆ ಸ್ವಲ್ಪ ಬಿಟ್ಟಿದೆ, ಹೋಗಿ ನೋಡಿ" ಎನ್ನುವವಳೂ ಅವಳೇ.

ಆ ವರ್ಷ ದೇಶದ ನೌಕೆಯೊಂದು ಮೂವರನ್ನು ಹೊತ್ತು ಬಾಹ್ಯಾಕಾಶಕ್ಕೆ ಹೋಯಿತು. ರಸ್ತೆ ರಸ್ತೆಯಲ್ಲೂ ಮೂವರ ಚಿತ್ರ. ಅವರಲ್ಲಿ ಕಿರಿಯವನು ನೌಕೆಯ ಇಂಜಿನಿಯರ್. ಅವನ ಅಕ್ಕ ಇದ್ದದ್ದು ಲಿಫ್ಟಣ್ಣ ನೋಡಿಕೊಳ್ಳುವ ಕಟ್ಟಡವೊಂದರ ಐದನೇ ಮಹಡಿಯಲ್ಲಿ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅಪ್ಪ ಅಮ್ಮ ಒಂದೇ ಅಪಘಾತದಲ್ಲಿ ಹೋದಾಗ ತಮ್ಮ ಇನ್ನೂ ಬೂಟಿನ ದಾರ ಕಟ್ಟಲು ಬಾರದ ವಯಸ್ಸಿನವನು. ಅವನನ್ನು ಬೆಳೆಸುವುದರಲ್ಲೇ ಆಕೆಯ ಮದುವೆಯ ಕಾಲ ಕಳೆದುಹೋಯಿತು. ಅದನ್ನು ಆಕೆ ತ್ಯಾಗವೆಂದು ಎಂದೂ ಹೇಳಿಕೊಂಡವಳಲ್ಲ. "ಅವನ ಗಲಾಟೆಯಲ್ಲಿ ಗಂಡನ ನೆನಪೇ ಆಗಲಿಲ್ಲ" ಎಂದು ನಗುತ್ತಿದ್ದಳು.

ನೌಕೆ ಹಾರಿದ ಮಾರನೇ ದಿನ ಲಿಫ್ಟಿನ ಬಾಗಿಲು ಸರಿಮಾಡುತ್ತಿದ್ದ ಲಿಫ್ಟಣ್ಣ, ಆಸ್ಪತ್ರೆಯಿಂದ ಬಂದ ಆಕೆಯನ್ನು ತಡೆದು, "ಅಕ್ಕ, ಇವತ್ತು ಸಂಜೆ ತಾರಸಿಗೆ ಬನ್ನಿ. ನಿಮ್ಮ ತಮ್ಮನ್ನ ತೋರಿಸ್ತೀನಿ" ಎಂದ.

"ತಮಾಷೆ ಮಾಡ್ಬೇಡಿ ಲಿಫ್ಟಣ್ಣ."

"ತಮಾಷೆಯಲ್ಲ, ಲೆಕ್ಕ. ಆ ನೀರಿನ ಟ್ಯಾಂಕಿನ ಎಡಗಡೆ ಹುಟ್ಟಿ, ದೇವರಾಣೆ, ನಿಮ್ಮ ನೆತ್ತಿ ಮೇಲೇ ಹೋಗ್ತಾರೆ."

ಹಾಗೆಯೇ ಆಯಿತು. ಬೆಳ್ಳಗೆ, ದೃಢವಾಗಿ, ಅಲುಗದೆ ನೌಕೆ ಬಂತು. ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಅದ್ರೊಳಗೆ ಅವನಿದ್ದಾನಾ?"

"ಇದ್ದಾರೆ."

"ಚಳಿ ಇರುತ್ತಾ ಅಲ್ಲಿ?"

"ಒಳಗಡೆ ಇರಲ್ಲ ಅಕ್ಕ."

ಆಕೆ ಎರಡೂ ಕೈಯೆತ್ತಿ ಬೀಸಿದಳು. ಆಮೇಲೆ ನಾಚಿಕೊಂಡು, "ನಮ್ಮನ್ನ ಅವನು ಕಾಣೋದಿಲ್ಲ ಅಲ್ವಾ?" ಎಂದು ಕೇಳಿದಳು. ಅಂದಿನಿಂದ ಪ್ರತಿ ಸಂಜೆ ಆಸ್ಪತ್ರೆಯ ಬಿಳಿ ಕೋಟು ಕಳಚದೆಯೇ ತಾರಸಿಗೆ ಬರತೊಡಗಿದಳು. ಹೊತ್ತು ಯಾವುದೆಂದು ಲಿಫ್ಟಣ್ಣ ಬೆಳಿಗ್ಗೆಯೇ ಹೇಳಿಹೋಗುತ್ತಿದ್ದ. ಬೇರೆ ಕಟ್ಟಡದಲ್ಲಿ ಕೆಲಸವಿದ್ದರೂ ಆ ಹೊತ್ತಿಗೆ ಹಾಜರಾಗುತ್ತಿದ್ದ. ಬೆಳಕು ದಾಟಿಹೋದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಕಟ್ಟೆಗೆ ಒರಗಿ ಮಾತಾಡುತ್ತಿದ್ದರು. ತಮ್ಮ ಚಿಕ್ಕವನಿದ್ದಾಗ ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿಟ್ಟು ಮತ್ತೆ ಕೂಡಿಸಲಾರದೆ ಮಂಚದ ಕೆಳಗೆ ಅಡಗಿದ್ದು, ಆಕೆ ಪೊರಕೆ ಹಿಡಿದು ಹುಡುಕಿದ್ದು, ಇಂಥವೇ ಮಾತು.

ನೌಕೆ ಮರಳಬೇಕಾದ ದಿನ ಬಂತು. ಮಧ್ಯಾಹ್ನದ ಸುದ್ದಿಯಲ್ಲಿ, ಇಳಿಯುವ ಜಾಗದಲ್ಲಿ ಹವಾಮಾನ ಸರಿಯಿಲ್ಲ, ವಾಪಸಾತಿ ಮುಂದಕ್ಕೆ ಹೋಗಿದೆ, ಸಿಬ್ಬಂದಿ ಕ್ಷೇಮ ಎಂದರು. ಸಂಜೆ ಇಬ್ಬರೂ ತಾರಸಿಯಲ್ಲಿ ನಿಂತರು. ಲಿಫ್ಟಣ್ಣ ಹೇಳಿದ ಹೊತ್ತು ಬಂತು. ನೌಕೆ ಬರಲಿಲ್ಲ.

"ಇಳಿದುಬಿಟ್ಟಿದ್ದಾನೆ ಕಣ್ರೀ! ನಮಗೆ ಹೇಳಿಲ್ಲ ಅಷ್ಟೇ" ಎಂದು ಅಕ್ಕ ಅವನ ತೋಳು ಹಿಡಿದು ಅಲುಗಿಸಿದಳು. ಲಿಫ್ಟಣ್ಣನ ಕಣ್ಣು ಟ್ಯಾಂಕಿನ ಎಡಗಡೆಯಿಂದ ಕದಲಲಿಲ್ಲ. ಅಕ್ಕ ಮೆಟ್ಟಿಲ ಕಡೆಗೆ ತಿರುಗಿದ್ದಳು, ಆಗ ಬೆಳಕು ಕಾಣಿಸಿತು. ತಡವಾಗಿ, ಮಂಕಾಗಿ, ಎಂದಿಗಿಂತ ನಿಧಾನವಾಗಿ. ಅದೂ ಒಂದೇ ಸಮ ಇರಲಿಲ್ಲ. ಜೋರಾಗುತ್ತಿತ್ತು, ಆರಿಯೇಹೋಯಿತು ಅನ್ನುವಷ್ಟು ಕುಂದುತ್ತಿತ್ತು, ಮತ್ತೆ ಜೋರಾಗುತ್ತಿತ್ತು.

ಹಾಗೆ ಮಿನುಗುವುದನ್ನು ಲಿಫ್ಟಣ್ಣ ಎಷ್ಟೋ ಸಲ ನೋಡಿದ್ದ. ಕೆಟ್ಟುಹೋದ ಉಪಗ್ರಹಗಳು, ಖಾಲಿಯಾಗಿ ಬಿಸಾಡಿದ ರಾಕೆಟ್ಟಿನ ಕೊಳವೆಗಳು ಹಾಗೆ ಮಿನುಗುತ್ತವೆ. ಹಿಡಿತ ತಪ್ಪಿ ಪಲ್ಟಿ ಹೊಡೆಯುವ ವಸ್ತುವಿನ ಒಂದೊಂದು ಮಗ್ಗುಲಿಗೆ ಒಂದೊಂದು ಸಲ ಬಿಸಿಲು ಬೀಳುವ ರೀತಿ ಅದು. ಮನುಷ್ಯರಿರುವ ನೌಕೆ ಹಾಗೆ ಮಿನುಗಿದ್ದನ್ನು ಅವನು ನೋಡಿರಲಿಲ್ಲ.

"ಯಾಕೆ ಹಿಂಗಾಡ್ತಿದೆ?" ಅಕ್ಕ ಕೇಳಿದಳು.

ಅವನು ಸ್ಟಾಪ್‌ವಾಚ್ ನೋಡುತ್ತ ಹೇಳಿದ. "ಬೇಕಂತಲೇ ಹೊರಳಿಸ್ತಾರೆ ಅಕ್ಕ. ಒಂದೇ ಕಡೆ ಬಿಸಿಲು ಬಿದ್ರೆ ಕಾಯುತ್ತಲ್ಲ, ಅದಕ್ಕೆ."

"ಹೌದಾ?" ಎಂದಳು ಆಕೆ. ಅಷ್ಟಕ್ಕೇ ನಂಬಿದಳು.

ಮನೆಗೆ ಬಂದವನು ಊಟದ ತಟ್ಟೆ ಸರಿಸಿ ಫೋನ್ ಹಿಡಿದ. ಡಾಕ್ಟರಮ್ಮನೂ ನೋಡಿದ್ದರು, ಸರ್ವೆ ಮೇಷ್ಟ್ರೂ ನೋಡಿದ್ದರು. ಮೂವರ ಹೊತ್ತುಗಳನ್ನು ಜೋಡಿಸಿ ಮೂವರೂ ಬೇರೆ ಬೇರೆ ಲೆಕ್ಕ ಹಾಕಿದರು. ತಮ್ಮದು ತಪ್ಪಿರಲಿ ಎಂದು ಮೂವರೂ ಬಯಸಿ ಹಾಕಿದ ಲೆಕ್ಕ ಅದೊಂದೇ. ಉತ್ತರ ಬೇರೆಯಾಗಲಿಲ್ಲ. ನೌಕೆಯ ದಾರಿ ದೊಡ್ಡದಾಗಿ ಹಿಗ್ಗಿಹೋಗಿತ್ತು.

"ಇಳಿಯೋಕೆ ಇಂಜಿನ್ ಹಚ್ಚಿದ್ದಾರೆ" ಎಂದರು ಡಾಕ್ಟರಮ್ಮ. "ವೇಗ ತಗ್ಗಿಸೋಕೆ ಮುಖ ಹಿಂದಕ್ಕೆ ತಿರುಗಿರಬೇಕಿತ್ತು. ತಿರುಗಿರಲಿಲ್ಲ. ಕೆಳಗೆ ಬರೋ ಬದಲು ಮೇಲಕ್ಕೆ ತಳ್ಳಿಬಿಟ್ಟಿದೆ. ಇಂಧನ ಪೂರ್ತಿ ಮುಗಿದಿರುತ್ತೆ."

"ಮತ್ತೆ ಇಳಿಯೋದು?" ಲಿಫ್ಟಣ್ಣ ಕೇಳಿದ.

"ತಾನಾಗೇ ಇಳಿಯುತ್ತೆ, ವರ್ಷದ ಮೇಲೆ."

ಒಳಗಿನ ಗಾಳಿ ವಾರಕ್ಕಿಂತ ಹೆಚ್ಚು ಬಾರದು ಎನ್ನುವುದು ಪತ್ರಿಕೆ ಓದಿದವರಿಗೆಲ್ಲ ಗೊತ್ತಿತ್ತು. ಆ ಮಾತನ್ನು ಮೂವರಲ್ಲಿ ಯಾರೂ ಆಡಲಿಲ್ಲ. ಫೋನಿನಲ್ಲಿ ಒಬ್ಬರ ಉಸಿರು ಒಬ್ಬರಿಗೆ ಕೇಳುತ್ತಿತ್ತು.

ಆ ವಾರ ಲಿಫ್ಟಣ್ಣನಿಗೆ ಹೇಗೆ ಕಳೆಯಿತೋ ಅವನಿಗೇ ತಿಳಿಯದು. ಹಗಲು ಯಾವುದೋ ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಬಾಗಿಲು ಬಡಿದರೆ ಹೊರಗಿನಿಂದ ಆಡುತ್ತಿದ್ದ ಮಾತು ನಾಲಿಗೆಗೆ ಬರುತ್ತಿರಲಿಲ್ಲ. ಸಂಜೆ ತಾರಸಿಗೆ ಹೋಗಲೇಬೇಕಿತ್ತು. ಹೋಗದಿದ್ದರೆ ಆಕೆ ಯಾಕೆಂದು ಕೇಳುತ್ತಾಳೆ. ಸುದ್ದಿಯವರು ದಿನವೂ ಹವಾಮಾನ ಹವಾಮಾನ ಎನ್ನುತ್ತಿದ್ದರು. ಅಕ್ಕ ಪ್ರತಿ ಸಂಜೆ ಬಂದು, ಮಿನುಗುವ ಬೆಳಕನ್ನು ನೋಡಿ, "ನಿದ್ದೆಗೆಟ್ಟಿರ್ತಾನೆ ಪಾಪ" ಎನ್ನುತ್ತಿದ್ದಳು. ಲಿಫ್ಟಣ್ಣ "ಹ್ಞೂಂ" ಎನ್ನುತ್ತಿದ್ದ.

ಮನೆಯಲ್ಲಿ ಹೆಂಡತಿಗೆ ಮಾತ್ರ ಹೇಳಿದ್ದ. "ಹೇಳಿಬಿಡ್ಲಾ ಆಕೆಗೆ?" ಎಂದು ಕೇಳಿದ.

ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. "ಹೇಳಿದ್ರೆ ನಿಮಗೆ ಹಗುರಾಗುತ್ತೆ. ಆಕೆಗೆ?"

ಅವನು ಆಕೆಗೆ ಹೇಳಲಿಲ್ಲ.

ಕೊನೆಗೊಂದು ದಿನ ಸಂಪರ್ಕ ಕಡಿದಿದೆ ಎಂದರು. ಅದಾದ ಎರಡು ದಿನಕ್ಕೆ ಕಪ್ಪು ಅಂಚಿನ ಸುದ್ದಿ ಬಂತು: ಮರಳುವ ಯತ್ನದಲ್ಲಿ ನೌಕೆ ವಾಯುಮಂಡಲ ಹೊಕ್ಕಾಗ ಉರಿದುಹೋಗಿದೆ, ಮೂವರೂ ಕ್ಷಣಮಾತ್ರದಲ್ಲಿ, ನೋವಿಲ್ಲದೆ ಮಡಿದಿದ್ದಾರೆ. ಧ್ವಜಗಳು ಅರ್ಧಕ್ಕಿಳಿದವು. ಊರಿನ ದೊಡ್ಡ ಚೌಕದಲ್ಲಿ ಮೂರು ಖಾಲಿ ಪೆಟ್ಟಿಗೆಗಳಿಗೆ ಹೂವಿಟ್ಟರು. ಅಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದನ್ನು ಲಿಫ್ಟಣ್ಣ ಟೀವಿಯಲ್ಲಿ ನೋಡಿದ. ಆಮೇಲೆ ಎದ್ದು ತನ್ನ ಮನೆಯ ತಾರಸಿಗೆ ಹೋದ. ಅವನ ಲೆಕ್ಕ ಹೇಳಿದ ಹೊತ್ತಿಗೆ ಸರಿಯಾಗಿ, ಉರಿದುಹೋಯಿತೆಂದ ನೌಕೆ ಮಿನುಗುತ್ತ ಬಂತು, ಚೌಕದ ಮೇಲೆಯೇ ಹಾದುಹೋಯಿತು. ಕೆಳಗೆ ಸಾವಿರಾರು ಜನ ತಲೆ ತಗ್ಗಿಸಿ ಮೌನಾಚರಣೆ ಮಾಡುತ್ತಿದ್ದರು. ಮೇಲೆ ನೋಡಿದವರು ಯಾರೂ ಇರಲಿಲ್ಲ.

ಡಾಕ್ಟರಮ್ಮ ಕೆರಳಿ ಕೆಂಡವಾಗಿದ್ದರು. "ಹಸಿ ಸುಳ್ಳು! ಹೊರಗೆ ಹಾಕೋಣ" ಎಂದರು. ಸರ್ವೆ ಮೇಷ್ಟ್ರು, "ಸತ್ತವರು ಸತ್ತಾಯ್ತು. ಇದ್ದವರನ್ನ ಯಾಕೆ ಕೊಲ್ತೀರಿ" ಎಂದರು. ಇಬ್ಬರೂ ಫೋನಿನಲ್ಲಿ ಲಿಫ್ಟಣ್ಣನ ಮಾತಿಗೆ ಕಾದರು, ಸತ್ತವನ ಅಕ್ಕ ಅವನಿಗೆ ಗೊತ್ತಿದ್ದವಳಾದ್ದರಿಂದ. ಅವನು ಬಾಯಿಗೆ ಬೀಗ ಹಾಕಿಕೊಂಡ.

ಕೆಲವು ದಿನ ಕಳೆದ ಮೇಲೆ ಆ ಕಟ್ಟಡದಿಂದ ಕರೆ ಬಂತು, ಲಿಫ್ಟು ನಿಂತಿದೆ ಎಂದು. ಹೋದ. ಮೋಟಾರು ಕೋಣೆಯಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದಾಗ ಹಿಂದೆ ಯಾರೋ ನಿಂತ ಹಾಗಾಯಿತು. ಅಕ್ಕ. ಕೆಲಸಕ್ಕೆ ಹೋಗತೊಡಗಿದ್ದಳೆಂದು ಕೋಟಿನಿಂದ ಗೊತ್ತಾಯಿತು. ಕಣ್ಣ ಸುತ್ತ ಕಪ್ಪು ಇಳಿದಿತ್ತು.

"ಲಿಫ್ಟಣ್ಣ, ಒಂದು ಮಾತು ಕೇಳ್ತೀನಿ. ಅವನು ಹೋಗಿದ್ದು ಅವ್ರು ಹೇಳಿದ ಹಾಗೇನಾ?"

ಅವನು ಸ್ಪ್ಯಾನರ್ ಒರೆಸುತ್ತ, "ಆಫೀಸಿನವರು ಎಲ್ಲಾ ಹೇಳಿದ್ದಾರಲ್ಲ ಅಕ್ಕ. ಅವ್ರಿಗೆ ಗೊತ್ತಿರುತ್ತೆ" ಎಂದ.

ಆಕೆ ಕೋಣೆಯೊಳಗೆ ಬಂದು, ಎಣ್ಣೆ ಮೆತ್ತಿದ ಡಬ್ಬದ ಮೇಲೆ ಕೂತಳು.

"ನನ್ನ ಕೆಲಸ ಏನು ಗೊತ್ತಾ ನಿಮಗೆ? ಫಿಲ್ಮು ಮೊದಲು ನೋಡೋಳು ನಾನು. ಗಂಟು ಮೊದಲು ಕಾಣೋದು ನನಗೆ. ರೋಗಿ ಅಂಗಿ ಹಾಕ್ಕೊಳ್ತಾ ಕೇಳ್ತಾರೆ, ಏನಾದ್ರೂ ಕಾಣ್ತಾ ಸಿಸ್ಟರ್ ಅಂತ. ನಾನು ಹೇಳೋ ಹಾಗಿಲ್ಲ. ಡಾಕ್ಟರ್ ಹೇಳ್ತಾರೆ, ಅವ್ರಿಗೆ ಗೊತ್ತಿರುತ್ತೆ ಅಂತೀನಿ. ಏನೂ ಇಲ್ದಿದ್ರೆ ಮುಖ ನೋಡಿ ಹೇಳ್ತೀನಿ. ಇದ್ರೆ ಮೆಷಿನ್ ಒರೆಸ್ತಾ ಹೇಳ್ತೀನಿ."

ಲಿಫ್ಟಣ್ಣನ ಕೈ ನಿಂತಿತು.

"ಈಗ ಹೇಳಿ" ಎಂದಳು.

ಅವನು ಹೇಳಿದ. ತಡವಾಗಿ ಬಂದ ಬೆಳಕು, ತಪ್ಪು ದಿಕ್ಕಿಗೆ ಹಚ್ಚಿದ ಇಂಜಿನ್, ಮೂವರ ಲೆಕ್ಕ, ಇನ್ನೂ ಮೇಲೆ ಸುತ್ತುತ್ತಿರುವ ನೌಕೆ, ಎಲ್ಲವನ್ನೂ. ಆಕೆ ಅಳಲಿಲ್ಲ. ನಡುವೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ನಾವು ನೋಡ್ತಾ ನಿಂತಿದ್ವಲ್ಲ, ಆ ವಾರ. ಆಗ ಅವನು..."

"ಇದ್ದಿರಬೇಕು ಅಕ್ಕ. ವಾರದ ಕೊನೇವರೆಗೂ ಇದ್ದಿರಬಹುದು."

"ಬೇಕಂತಲೇ ಹೊರಳಿಸ್ತಾರೆ ಅಂದೆ" ಎಂದಳು ಆಕೆ. ಅಲ್ಲಿಯವರೆಗೆ ಅವನನ್ನು ಆಕೆ ಏಕವಚನದಲ್ಲಿ ಮಾತಾಡಿಸಿರಲಿಲ್ಲ. "ನಿದ್ದೆಗೆಟ್ಟಿರ್ತಾನೆ ಅಂದಾಗ ಹ್ಞೂಂ ಅಂದೆ. ನಾನು ನೋಡಿ, ಕೆಳಗಿಳಿದು, ಅನ್ನ ಉಂಡು ಮಲಗಿದ್ನಲ್ಲೋ. ಅವನು ಅಲ್ಲಿ ಉಸಿರು ಕಟ್ಕೊಂಡು ಸುತ್ತುತಾ ಇರೋವಾಗ ನಾನು ಹೊದ್ಕೊಂಡು ಮಲಗಿದ್ನಲ್ಲೋ!"

ಲಿಫ್ಟಣ್ಣ ಆಕೆಯ ಕಾಲ ಬಳಿ ನೆಲದ ಮೇಲೆ ಕುಸಿದು ಕೂತ. "ಹೇಳೋಕೆ ಧೈರ್ಯ ಬರಲಿಲ್ಲ ಅಕ್ಕ" ಎಂದಷ್ಟೇ ಅವನಿಂದ ಬಂದದ್ದು. ಕೆಳಗಿನಿಂದ ಯಾರೋ, "ಲಿಫ್ಟು ಸರಿಯಾಯ್ತಾ?" ಎಂದು ಕೂಗುತ್ತಿದ್ದರು.

ಸಂಜೆ ಆಕೆಯೇ ಅವನನ್ನು ತಾರಸಿಗೆ ಕರೆದಳು. ಬೆಳಕು ಬಂತು, ಹೋಯಿತು. ಆಕೆ ಕೈ ಬೀಸಲಿಲ್ಲ.

"ಇದನ್ನ ಎಲ್ಲರೂ ನೋಡ್ಬೇಕು" ಎಂದಳು. "ಖಾಲಿ ಪೆಟ್ಟಿಗೆಗೆ ಹೂವು ಹಾಕಿಸಿದ್ರು ನನ್ನ ಕೈಲಿ. ಅವನು ಎಲ್ಲಿದ್ದಾನೆ ಅಂತ ಊರಿಗೆ ಗೊತ್ತಾಗ್ಲಿ."

"ಅವ್ರು ಒಪ್ಪಲ್ಲ ಅಕ್ಕ. ನಿಮಗೂ ತೊಂದ್ರೆ ಆಗುತ್ತೆ."

"ಇನ್ನೇನು ಉಳಿದಿದೆ ನನ್ನ ಹತ್ರ, ತೊಂದ್ರೆ ಆಗೋಕೆ? ನಿನಗೆ ಆಗೋದಾದ್ರೆ ಹೇಳು, ಬಿಟ್ಬಿಡೋಣ."

ಲಿಫ್ಟಣ್ಣ ಮನೆಗೆ ಬಂದು ಹೆಂಡತಿಯ ಮುಂದೆ ಕೂತ. ಅವಳು ಎಲ್ಲವನ್ನೂ ಕೇಳಿ, ಬಾಯಲ್ಲಿದ್ದ ಸೂಜಿ ತೆಗೆದು, "ಹೇಳ್ಬೇಡಿ ಅಂದಿದ್ದು ನಾನೇ ಅಲ್ವಾ. ಆ ಪಾಪದಲ್ಲಿ ನಂದೂ ಪಾಲಿದೆ. ಮಾಡಿ" ಎಂದಳು.

ಡಾಕ್ಟರಮ್ಮನ ಪರಿಚಯದ ಒಂದು ಸಣ್ಣ ಪತ್ರಿಕೆ ಇತ್ತು. ಅದರಲ್ಲಿ ಆರೋಪ ಬರೆಯಲಿಲ್ಲ, ಬೈಗುಳ ಬರೆಯಲಿಲ್ಲ. ನಾಳೆ ಸಂಜೆ ಇಷ್ಟು ಹೊತ್ತಿಗೆ ಆಕಾಶದ ಈ ಭಾಗ ನೋಡಿ, ಹೀಗೆ ಮಿನುಗುವ ಬೆಳಕೊಂದು ಹೋಗುತ್ತದೆ, ಅದು ನಮ್ಮ ಮೂವರಿರುವ ನೌಕೆ ಎಂದಷ್ಟೇ ಬರೆದರು. ಕೆಳಗೆ ಮೂವರ ಸಹಿ. ಮೇಷ್ಟ್ರು ಕೊನೆಗೆ, "ನಿಮ್ಮಿಬ್ಬರನ್ನೇ ಬಿಟ್ಟರೆ ಲೆಕ್ಕ ತಪ್ಪು ಅಂತಾರೆ, ನನ್ನದೂ ಇರಲಿ" ಎಂದು ತಮ್ಮದನ್ನೂ ಸೇರಿಸಿದ್ದರು.

ಮೊದಲ ಸಂಜೆ ಅಲ್ಲೊಬ್ಬ ಇಲ್ಲೊಬ್ಬ ನೋಡಿದ. ಎರಡನೆಯ ಸಂಜೆ ಬೀದಿಗಳಲ್ಲಿ ಗುಂಪು ಕೂಡಿತು. ಮೂರನೆಯ ಸಂಜೆ ಹೊತ್ತಿಗೆ ಊರಿನ ತಾರಸಿಗಳೆಲ್ಲ ತುಂಬಿದ್ದವು. ಬಸ್ಸುಗಳು ನಿಂತವು, ಚಾಲಕರು ಇಳಿದು ನಿಂತರು. ಬೆಳಕು ಬಂದಾಗ ಗದ್ದಲ ತಾನಾಗಿ ಅಡಗಿತು. ಹೊಳೆಯಿತು, ಕುಂದಿತು, ಹೊಳೆಯಿತು. ಯಾರೋ ಹೆಂಗಸು ಜೋರಾಗಿ ಅತ್ತದ್ದು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಕೇಳಿಸಿತು. ಅಕ್ಕನ ಪಕ್ಕದಲ್ಲಿ ನಿಂತಿದ್ದ ಲಿಫ್ಟಣ್ಣ ಸ್ಟಾಪ್‌ವಾಚ್ ಒತ್ತುವುದನ್ನೇ ಮರೆತಿದ್ದ.

ಮಾರನೇ ದಿನ ಸರ್ಕಾರದವರು, ಅದು ನೌಕೆಯಿಂದ ಕಳಚಿದ ಖಾಲಿ ಭಾಗ, ಒಳಗೆ ಏನೂ ಇಲ್ಲ ಎಂದರು. ಅದಕ್ಕಿಂತ ಹೆಚ್ಚು ಅವರು ಎಂದೂ ಹೇಳಲಿಲ್ಲ. ನಂಬಿದವರು ನಂಬಿದರು, ಬಿಟ್ಟವರು ಬಿಟ್ಟರು. ವಾರದೊಳಗೆ ಲಿಫ್ಟ್ ಕಂಪನಿಯ ಮಾಲೀಕ ಲಿಫ್ಟಣ್ಣನನ್ನು ಕರೆಸಿ, ಕುರ್ಚಿ ಕೊಟ್ಟು, ಚಹಾ ತರಿಸಿ, "ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ಆದರೆ ನಮ್ಮ ಲಿಫ್ಟುಗಳು ಅರ್ಧಕ್ಕರ್ಧ ಸರ್ಕಾರಿ ಕಟ್ಟಡದಲ್ಲಿವೆ" ಎಂದ. ಲಿಫ್ಟಣ್ಣ ಚಹಾ ಕುಡಿದು, ಸ್ಪ್ಯಾನರ್ ಚೀಲ ಮೇಜಿನ ಮೇಲಿಟ್ಟು ಬಂದ. ಆ ಚೀಲ ಕಂಪನಿಯದು.

ಅದು ಅವನಿಗೆ ದೊಡ್ಡ ಪೆಟ್ಟಾಗಿರಲಿಲ್ಲ. ದೊಡ್ಡ ಪೆಟ್ಟು ಬಿದ್ದದ್ದು ಒಂದು ಭಾನುವಾರ, ಮನೆ ಬಾಗಿಲಿಗೇ ಬಂದು. ನೌಕೆಯ ನಾಯಕನ ಹೆಂಡತಿ ಹುಡುಕಿಕೊಂಡು ಬಂದಿದ್ದಳು. ಮೂವತ್ತು ದಾಟಿರದ ಹೆಣ್ಣುಮಗಳು. ಹೆಂಡತಿ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿ ಎತ್ತಿ ಕೂರಲು ಹೇಳಿದರೂ ಕೂರಲಿಲ್ಲ.

"ನೀವೇನಾ?" ಎಂದಳು.

"ನಾನೇ ಅಮ್ಮ."

"ಒಂದು ಕ್ಷಣದಲ್ಲಿ ಹೋದ್ರು, ನೋವಾಗ್ಲಿಲ್ಲ ಅಂದಿದ್ರು. ಅದೊಂದನ್ನ ಹಿಡ್ಕೊಂಡು ನಾನು ನಿದ್ದೆ ಮಾಡ್ತಿದ್ದೆ. ನನ್ನ ಮಗಳು ನಿದ್ದೆ ಮಾಡ್ತಿದ್ಲು. ಈಗ ಅವಳು ಸಂಜೆಯಾದ್ರೆ ಕಿಟಕಿ ಹತ್ರ ನಿಂತು, ಅಪ್ಪ ಇನ್ನೂ ಸುತ್ತಾ ಇದ್ದಾರಾ ಅಮ್ಮ ಅಂತ ಕೇಳ್ತಾಳೆ. ಏನು ಹೇಳ್ಲಿ? ಹೇಳಿ, ಲೆಕ್ಕ ಬರುತ್ತಲ್ಲ ನಿಮಗೆ, ಹೇಳಿ."

ಲಿಫ್ಟಣ್ಣ ತಲೆ ತಗ್ಗಿಸಿ ನಿಂತ.

"ಯಾರನ್ನ ಕೇಳಿ ಮಾಡಿದ್ರಿ?"

"ಇಂಜಿನಿಯರ್ ಅವ್ರ ಅಕ್ಕನ್ನ ಕೇಳಿದ್ವಿ."

"ನನ್ನ ಕೇಳಿದ್ರಾ?"

ಇಲ್ಲ, ಕೇಳಿರಲಿಲ್ಲ. ಒಳಗೆ ಮೂವರಿದ್ದರು ಎಂಬುದು ಲೆಕ್ಕದಲ್ಲಿ ಸದಾ ಇತ್ತು. ಮೂರು ಮನೆಗಳಿವೆ ಎಂಬುದು ಮಾತ್ರ ಆ ದಿನಗಳಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಅವನು ಕೈಮುಗಿದ. ಅವಳು ಅದನ್ನು ನೋಡದೆ ತಿರುಗಿ ಮೆಟ್ಟಿಲಿಳಿದು ಹೋದಳು. ಆ ದಿನ ಮನೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ.

ಇದನ್ನು ಅವನು ಅಕ್ಕನಿಗೆ ಹೇಳಿದಾಗ ಆಕೆ ಕಣ್ಣು ಮುಚ್ಚಿಕೊಂಡಳು. "ಅವಳು ಹೇಳಿದ್ದೂ ನಿಜ" ಎಂದಳು. "ಆದ್ರೆ ನನಗೆ ಗೊತ್ತಾಗಿದ್ದು ಬೇಡವಾಗಿತ್ತು ಅಂತ ನನ್ನ ಬಾಯಲ್ಲಿ ಬರಲ್ಲ. ಏನ್ಮಾಡ್ಲಿ?" ಆಕೆ ಒಂದು ಸಲ ನಾಯಕನ ಮನೆಗೆ ಹೋಗಿ ಬಾಗಿಲು ತಟ್ಟಿದ್ದಳಂತೆ. ಬಾಗಿಲು ತೆರೆಯಲಿಲ್ಲ.

ನೌಕೆ ಒಂದು ವರ್ಷದ ಮೇಲೆ ಕೆಲವು ತಿಂಗಳು ಸುತ್ತಿತು. ಕೆಲವು ವಾರ ಸಂಜೆ ಕಾಣುತ್ತಿತ್ತು, ಕೆಲವು ವಾರ ಮುಂಜಾನೆ, ಕೆಲವು ವಾರ ಕಾಣುತ್ತಲೇ ಇರಲಿಲ್ಲ. ಊರು ಮರೆಯಿತು. ಲಿಫ್ಟಣ್ಣ ಊರಾಚೆಯ ಶೀತಲ ಗೋದಾಮಿನಲ್ಲಿ ಮೂಟೆ ಎತ್ತುವ ಲಿಫ್ಟು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಅಲ್ಲಿ ಹಗಲೂ ಸ್ವೆಟರ್ ಹಾಕಿಕೊಂಡೇ ಇರಬೇಕು. ಸಂಜೆ ಕಾಣುವ ವಾರಗಳಲ್ಲಿ ಕೆಲಸ ಮುಗಿಸಿ ಎರಡು ಬಸ್ಸು ಬದಲಿಸಿ ಅಕ್ಕನ ತಾರಸಿಗೆ ಬರುತ್ತಿದ್ದ. ಆಕೆ ಒಬ್ಬಳೇ ನಿಂತು ನೋಡುವುದನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ. ಆಕೆ ಅವನನ್ನು ಕ್ಷಮಿಸಿದ್ದಳೋ ಇಲ್ಲವೋ, ಕೇಳುವ ಧೈರ್ಯ ಅವನಿಗಾಗಲಿಲ್ಲ. ಏಕವಚನ ಮಾತ್ರ ಹಾಗೇ ಉಳಿಯಿತು. ಬೈಯುವಾಗಲೂ ಅದೇ, ಚಹಾ ಕುಡಿದುಹೋಗು ಎನ್ನುವಾಗಲೂ ಅದೇ.

ಸುತ್ತಿ ಸುತ್ತಿ ನೌಕೆ ತಗ್ಗಿಗೆ ಬಂತು. ಪ್ರತಿ ಸಲವೂ ಲೆಕ್ಕಕ್ಕಿಂತ ಸ್ವಲ್ಪ ಮೊದಲೇ ಕಾಣಿಸುತ್ತಿತ್ತು, ಜೋರಾಗಿ ಹೊಳೆಯುತ್ತಿತ್ತು. "ಇನ್ನು ಬಹಳ ಇಲ್ಲ ಅಕ್ಕ" ಎಂದು ಲಿಫ್ಟಣ್ಣ ಈ ಸಲ ಮುಚ್ಚಿಡದೆ ಹೇಳಿದ. ಒಂದು ಸಂಜೆ ಅದು ಬರಲಿಲ್ಲ. ಕತ್ತಲೆ ಪೂರ್ತಿ ಇಳಿಯುವವರೆಗೂ ಇಬ್ಬರೂ ಕಾದರು. ಡಾಕ್ಟರಮ್ಮನ ಊರಿನಲ್ಲೂ ಕಾಣಲಿಲ್ಲವೆಂದು ಫೋನು ಬಂತು.

"ಎಲ್ಲಿ ಬಿದ್ದಿರಬಹುದು?" ಅಕ್ಕ ಕೇಳಿದಳು.

"ಸಮುದ್ರದ ಮೇಲೆ. ನೀರು ಮುಟ್ಟೋ ಮೊದಲೇ ಮುಕ್ಕಾಲು ಉರಿದಿರುತ್ತೆ."

"ಕಂಡಿರುತ್ತಾ ಯಾರಿಗಾದ್ರೂ?"

"ಹಡಗಿನವರು ಯಾರಾದ್ರೂ ಇದ್ದಿದ್ರೆ ಕಂಡಿರುತ್ತೆ."

ಆಕೆ ತಾರಸಿಯ ಕಟ್ಟೆ ಹಿಡಿದು ನಿಂತಳು. ಅಷ್ಟು ಕಾಲದಲ್ಲಿ ಲಿಫ್ಟಣ್ಣನ ಎದುರು ಒಮ್ಮೆಯೂ ಅಳದವಳು ಆಗ ಅತ್ತಳು. ಬಿಕ್ಕಲಿಲ್ಲ, ದನಿ ತೆಗೆಯಲಿಲ್ಲ, ಕಣ್ಣೀರು ಸುಮ್ಮನೆ ಇಳಿಯಿತು. ಲಿಫ್ಟಣ್ಣ ಸ್ವಲ್ಪ ದೂರದಲ್ಲಿ ಬೆನ್ನು ಮಾಡಿ ನಿಂತ. ಆಮೇಲೆ ಆಕೆ ಮುಖ ಒರೆಸಿಕೊಂಡು, "ಕೊನೇ ಬಸ್ಸು ತಪ್ಪುತ್ತೆ ನಿನಗೆ, ಹೋಗು" ಎಂದಳು. ಮತ್ತೆ ಆಕೆ ತಾರಸಿ ಹತ್ತಲಿಲ್ಲ. ವರ್ಷ ತುಂಬುವುದರೊಳಗೆ ಬೇರೆ ಊರಿನ ಆಸ್ಪತ್ರೆಗೆ ವರ್ಗ ಕೇಳಿಕೊಂಡು ಹೊರಟುಹೋದಳು.

ಸರ್ವೆ ಮೇಷ್ಟ್ರು ತೀರಿಕೊಂಡರು. ಲಿಫ್ಟಣ್ಣನಿಗೂ ಡಾಕ್ಟರಮ್ಮನಿಗೂ ಹಳೆಯ ಚಟ ಬಿಡಲಿಲ್ಲ, ಫೋನಿನ ಜಗಳವೂ ನಿಲ್ಲಲಿಲ್ಲ. ಆದರೆ ಅವನು ನೋಡುತ್ತಿದ್ದುದು ಖಾಲಿ ಕೊಳವೆಗಳನ್ನು, ಕೆಟ್ಟು ನಿಂತ ಉಪಗ್ರಹಗಳನ್ನು ಮಾತ್ರ. ಮುಂದೆ ಯಾವುದೋ ದೇಶ ಮತ್ತೆ ಜನರನ್ನು ಕೂರಿಸಿ ನೌಕೆ ಹಾರಿಸಿದಾಗ ಡಾಕ್ಟರಮ್ಮ ಉತ್ಸಾಹದಿಂದ, "ಇವತ್ತು ನಿಮ್ಮ ಮನೆ ಮೇಲೇ ಬರುತ್ತೆ ಕಣಯ್ಯ, ಹೊತ್ತು ಬರ್ಕೋ" ಎಂದರು.

"ಬೇಡ ಬಿಡಿ ಡಾಕ್ಟರಮ್ಮ" ಎಂದ ಲಿಫ್ಟಣ್ಣ. "ಅದ್ರಲ್ಲಿ ಜನ ಇದ್ದಾರೆ."

ಆ ಸಂಜೆ ಅವನು ಒಳಗೇ ಕೂತು, ಹೆಂಡತಿ ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚಿಕೊಟ್ಟ.